ಮನೆಗೆ ಬಂದ ನಾಯಿಮರಿ: ಕಟ್ಟಿಹಾಕಿದರೆ ಸಾಲದು

ಕೆಲವು ತಿಂಗಳ ಹಿಂದೆ ಹಲಸೂರಿನ ತಾಯಿಯೊಬ್ಬರು ತಮ್ಮ ಎಂಟು ವರ್ಷದ ಮಗನನ್ನು ಕೆಮ್ಮು, ನೆಗಡಿಗೆಂದು ನನ್ನ ಕ್ಲಿನಿಕ್ಕಿಗೆ ಕರೆತಂದಿದ್ದರು. ನಾಡಿ ನೋಡಲು ಕೈ ಹಿಡಿದಾಗ ಹುಡುಗನ ಮಣಿಕಟ್ಟಿನ ಮೇಲೆ ಮೂರು ನಾಲ್ಕು ಸಣ್ಣ ಗಾಯಗಳು ಕಂಡವು. ಅರಿಶಿನದ ಕಲೆ ಇನ್ನೂ ಹೋಗಿರಲಿಲ್ಲ.

“ಇದೇನಮ್ಮ?” ಎಂದೆ.

“ಏನಿಲ್ಲ ಡಾಕ್ಟ್ರೇ, ಮನೇಲಿದ್ದ ನಾಯಿಮರಿ ಕಚ್ಚಿದ್ದು. ಐದು ದಿನ ಆಯ್ತು. ಹಾಲುಹಲ್ಲು ಅಲ್ವಾ, ಏನಾಗುತ್ತೆ ಅಂತ ಸುಮ್ಮನಾದ್ವಿ.”

“ಮರಿ ಈಗ ಹೇಗಿದೆ?”

“ಮೊನ್ನೆ ಸತ್ತುಹೋಯ್ತು.”

ವಿಚಾರಿಸಿದಾಗ ಉಳಿದದ್ದು ತಿಳಿಯಿತು. ಮರಿಯನ್ನು ಬೀದಿಯಿಂದ ತಂದಿದ್ದರು. ಓಡಿಹೋಗದಿರಲೆಂದು ಗೇಟಿನ ಪಕ್ಕ ಸರಪಳಿಯಲ್ಲಿ ಕಟ್ಟಿದ್ದರು. ಸುಮಾರು ಒಂದು ತಿಂಗಳ ಹಿಂದೆ ಯಾವುದೋ ಬೀದಿನಾಯಿ ಗೇಟಿನ ಕೆಳಗಿನಿಂದ ಮೂತಿ ತೂರಿಸಿ ಮರಿಯನ್ನು ಕಚ್ಚಿತ್ತು. ಸರಪಳಿಯಲ್ಲಿದ್ದ ಮರಿಗೆ ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಆ ಮರಿ ಸತ್ತದ್ದು ಹುಚ್ಚುನಾಯಿ ರೋಗದಿಂದಲೇ ಎಂದು ನಾನು ಹೇಳಲಾರೆ. ಅಲ್ಲವೆಂದು ಹೇಳುವುದಕ್ಕೂ ಆಧಾರವಿರಲಿಲ್ಲ, ಮರಿಯನ್ನು ಆಗಲೇ ಹೂತುಬಿಟ್ಟಿದ್ದರು. ಅದೇ ದಿನ ಗಾಯಗಳನ್ನು ತೊಳೆಸಿ, ಲಸಿಕೆ ಆರಂಭಿಸಿ, ಗಾಯದ ಸುತ್ತ ಕೊಡುವ ಇಮ್ಯುನೊಗ್ಲಾಬ್ಯುಲಿನ್‌ಗಾಗಿ ದೊಡ್ಡಾಸ್ಪತ್ರೆಗೆ ಕಳಿಸಿದೆ. ಹುಡುಗ ಚೆನ್ನಾಗಿದ್ದಾನೆ, ಶಾಲೆಗೆ ಹೋಗುತ್ತಿದ್ದಾನೆ. ಆದರೆ ಅವನಿಗೆ ಅಂದು ನೆಗಡಿ ಬಾರದಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ನನ್ನನ್ನು ಬಿಟ್ಟಿಲ್ಲ.

ನಾಯಿಯ ವಿಚಾರ ಪಶುವೈದ್ಯರದ್ದು, ಮನುಷ್ಯರ ವೈದ್ಯನಿಗೇಕೆ ಎಂದು ಕೇಳಬಹುದು. ಮರಿಯನ್ನು ಮನೆಯಲ್ಲಿ ಎಲ್ಲಿ ಇಡುತ್ತೀರಿ ಎಂಬುದು ಮನೆಯ ಮಕ್ಕಳ ಆರೋಗ್ಯಕ್ಕೂ ಸಂಬಂಧಿಸಿದ್ದು. ಅದಕ್ಕಾಗಿ ಈ ವಾರ ಈ ವಿಷಯ.

ಮೊದಲ ನಾಲ್ಕು ತಿಂಗಳು ಏಕೆ ಮುಖ್ಯ?

ರೇಬಿಸ್ ಎಂಬ ಹುಚ್ಚುನಾಯಿ ರೋಗದ ವೈರಸ್ಸು ರೋಗಪೀಡಿತ ಪ್ರಾಣಿಯ ಜೊಲ್ಲಿನಲ್ಲಿರುತ್ತದೆ. ಕಚ್ಚಿದಾಗ, ಪರಚಿದಾಗ ಅಥವಾ ಗಾಯವಾದ ಚರ್ಮವನ್ನು ನೆಕ್ಕಿದಾಗ ಅದು ದೇಹವನ್ನು ಸೇರಿ ನರಗಳ ಮೂಲಕ ಮಿದುಳಿಗೆ ಏರುತ್ತದೆ. ಮನುಷ್ಯರಲ್ಲಿ ಲಕ್ಷಣ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ. ಕೆಲವೊಮ್ಮೆ ಒಂದು ವಾರ ಸಾಕು, ಕೆಲವೊಮ್ಮೆ ವರ್ಷವೂ ಆದೀತು. ಲಕ್ಷಣ ಕಾಣಿಸಿದ ಮೇಲೆ ಉಳಿಸಬಲ್ಲ ಔಷಧಿ ಇಲ್ಲ. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 59,000 ಮಂದಿ ಇದರಿಂದ ಸಾಯುತ್ತಾರೆಂದು ಅಂದಾಜು. ಅವರಲ್ಲಿ ನೂರಕ್ಕೆ ನಲವತ್ತರಷ್ಟು ಹದಿನೈದು ವರ್ಷದೊಳಗಿನ ಮಕ್ಕಳು. ಇಂದಿರಾನಗರದ ಹಳೆ ಮದ್ರಾಸ್ ರಸ್ತೆಯಲ್ಲಿ ಜನ ಐಸೊಲೇಷನ್ ಆಸ್ಪತ್ರೆ ಎಂದು ಕರೆಯುವ ಸಾಂಕ್ರಾಮಿಕ ರೋಗಗಳ ಆಸ್ಪತ್ರೆ ಇದೆ. ಬೆಂಗಳೂರಿನಲ್ಲಿ ಇಂಥ ರೋಗಿಗಳನ್ನು ದಶಕಗಳಿಂದ ಕರೆತಂದಿರುವುದು ಅಲ್ಲಿಗೇ. ಕರ್ನಾಟಕದಲ್ಲಿ 2022ರಿಂದ ಮನುಷ್ಯರ ರೇಬಿಸ್ ಸರ್ಕಾರಕ್ಕೆ ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ.

ನಾಯಿಮರಿಗೆ ರೇಬಿಸ್ ಲಸಿಕೆ ಹಾಕುವುದು ಸಾಮಾನ್ಯವಾಗಿ ಮೂರು ತಿಂಗಳು ತುಂಬಿದ ಮೇಲೆ. ಲಸಿಕೆ ಕೆಲಸ ಮಾಡಲು ಮತ್ತೆ ಕೆಲವು ವಾರ ಬೇಕು. ಮರಿಗಳನ್ನು ಕೊಲ್ಲುವ ಪಾರ್ವೊ ಎಂಬ ರಕ್ತಭೇದಿಗೆ ಆರರಿಂದ ಎಂಟು ವಾರದ ವಯಸ್ಸಿನಲ್ಲಿ ಚುಚ್ಚುಮದ್ದು ಆರಂಭಿಸಿ, ನಾಲ್ಕು ತಿಂಗಳವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಮುಂದುವರಿಸಬೇಕಾಗುತ್ತದೆ. ಅಂದರೆ ಹುಟ್ಟಿದ ಮೊದಲ ನಾಲ್ಕು ತಿಂಗಳು ಮರಿಗೆ ಪೂರ್ತಿ ರಕ್ಷಣೆ ಇರುವುದಿಲ್ಲ. ಲಸಿಕೆ ಕೊಡಲಾರದ ರಕ್ಷಣೆಯನ್ನು ಆ ಅವಧಿಯಲ್ಲಿ ಕೊಡಬೇಕಾದದ್ದು ಅದು ಇರುವ ಜಾಗ.

ಆದ್ದರಿಂದ ಜಾಗ ಆರಿಸುವಾಗ “ಮರಿ ಇಲ್ಲಿಂದ ಓಡಿಹೋಗುತ್ತದೆಯೇ?” ಎಂದಷ್ಟೇ ಕೇಳಿಕೊಂಡರೆ ಸಾಲದು. “ಮರಿಯ ಬಳಿಗೆ ಯಾರು ಬರಬಹುದು?” ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ಸರಪಳಿ ಮೊದಲ ಪ್ರಶ್ನೆಗೆ ಉತ್ತರ ಕೊಡುತ್ತದೆ, ಎರಡನೆಯದಕ್ಕೆ ಕೊಡುವುದಿಲ್ಲ.

ಯಾವುದು ಬೇಡ?

ಸರಪಳಿ, ಹಗ್ಗ: ಎಳೆಯ ಮರಿಯ ಕುತ್ತಿಗೆಗೆ ಸುತ್ತಿಕೊಂಡು ಉಸಿರು ಕಟ್ಟಬಹುದು. ಕಟ್ಟಿದ ಮರಿ ಹೆದರಿದಾಗ ಓಡಲಾರದು, ಕಚ್ಚುವುದೊಂದೇ ಅದಕ್ಕೆ ಉಳಿಯುವ ದಾರಿ. ಆಗ ಎದುರಿಗಿರುವುದು ಹೆಚ್ಚಾಗಿ ಮನೆಯ ಮಗುವೇ.

ಕವುಚಿ ಹಾಕಿದ ಟೊಮೆಟೊ ಕ್ರೇಟು, ಅದರ ಮೇಲೊಂದು ಕಲ್ಲು: ನಮ್ಮಲ್ಲಿ ಬಹಳ ಮನೆಗಳಲ್ಲಿ ಕಾಣುವ ಏರ್ಪಾಡು. ಮರಿಗೆ ತಿರುಗಲು ಜಾಗವಿಲ್ಲ, ನೀರಿಡಲು ಸ್ಥಳವಿಲ್ಲ. ಕಲ್ಲು ಜಾರಿದರೆ ಮರಿಗೂ ಅಪಾಯ, ಪಕ್ಕದಲ್ಲಿ ಕೂತ ಮಗುವಿಗೂ ಅಪಾಯ.

ತಾರಸಿ: ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ತೇಕುವುದರಿಂದಲೇ ಮೈ ತಂಪು ಮಾಡಿಕೊಳ್ಳಬೇಕು. ಏಪ್ರಿಲ್ ಮಧ್ಯಾಹ್ನ ತಾರಸಿಯಲ್ಲಿ ಅಥವಾ ಶೀಟಿನ ಕೆಳಗೆ ಬಿಟ್ಟ ಮರಿ ಕೆಲವೇ ಗಂಟೆಗಳಲ್ಲಿ ಸಾಯಬಹುದು. ಕೆಳಗೆ ಬೀಳುವ ಭಯ ಬೇರೆ.

ಬಚ್ಚಲುಮನೆ: ಜಾರುವ ನೆಲ, ತುಂಬಿದ ಬಕೆಟ್ಟು, ಫಿನಾಯಿಲ್ ಸೀಸೆ. ಮರಿಗೆ ಇವು ಮೂರೂ ಒಳ್ಳೆಯದಲ್ಲ.

ಯಾವುದು ಒಳ್ಳೆಯದು?

ಮನೆಯ ಒಳಗೆ, ಜನರ ಕಣ್ಣಿಗೆ ಬೀಳುವ ಮೂಲೆಯಲ್ಲಿ ತಡೆ ಹಾಕಿದ ಆವರಣವೇ ಎಲ್ಲಕ್ಕಿಂತ ಉತ್ತಮ. ಅಂಗಡಿಯಲ್ಲಿ ಸಿಗುವ ಮಡಿಸುವ ತಂತಿಯ ಬೇಲಿಯಾಗಬಹುದು, ಬಾಗಿಲಿಗೆ ಅಡ್ಡ ಇಟ್ಟ ಎರಡೂವರೆ ಅಡಿ ಎತ್ತರದ ಹಲಗೆಯಾಗಬಹುದು. ಅದರೊಳಗೆ ಒಂದು ಪಕ್ಕ ಹಾಸಿಗೆ, ಇನ್ನೊಂದು ಪಕ್ಕ ಹಳೆ ಪತ್ರಿಕೆ, ಉರುಳದ ಬಟ್ಟಲಿನಲ್ಲಿ ನೀರು. ಇಷ್ಟು ಸಾಕು.

ರಾತ್ರಿಗೆ ಅಥವಾ ಸ್ವಲ್ಪ ಹೊತ್ತಿಗೆ ಪಂಜರವೂ ಆಗುತ್ತದೆ. ಅದರಲ್ಲಿ ಮರಿ ತಲೆ ಬಗ್ಗಿಸದೆ ನಿಲ್ಲಬೇಕು, ಸುತ್ತ ತಿರುಗಬೇಕು, ಕಾಲು ಚಾಚಿ ಮಲಗಬೇಕು. ಸರಳುಗಳ ನಡುವೆ ತಲೆ ತೂರುವಷ್ಟು ಸಂದಿ ಇರಬಾರದು. ಒಳಗೆ ಬಿಡುವಾಗ ಕುತ್ತಿಗೆಯ ಪಟ್ಟಿ ತೆಗೆಯಿರಿ, ಅದು ತಂತಿಗೆ ಸಿಕ್ಕಿಕೊಂಡು ಕುತ್ತಿಗೆ ಬಿಗಿಯಬಹುದು. ಹಾಸಲು ಹಳೆ ಹತ್ತಿ ಬಟ್ಟೆ ಒಳ್ಳೆಯದು. ಗೋಣಿಚೀಲದ ನಾರನ್ನು ಮರಿ ಕಿತ್ತು ನುಂಗುತ್ತದೆ. ವಿದ್ಯುತ್ ತಂತಿ, ಸೊಳ್ಳೆಬತ್ತಿ, ಇಲಿ ಪಾಷಾಣ ಇವು ಯಾವುವೂ ಅದರ ಬಾಯಿಗೆ ಎಟುಕಬಾರದು.

ಎರಡು ತಿಂಗಳ ಮರಿಯನ್ನು ಹಗಲು ಎರಡು ಮೂರು ಗಂಟೆಗಿಂತ ಹೆಚ್ಚು ಪಂಜರದಲ್ಲಿ ಮುಚ್ಚಿಡಬಾರದು, ಅಷ್ಟು ಹೊತ್ತು ಅದಕ್ಕೆ ಮೂತ್ರ ತಡೆಯಲಾಗದು. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಹೋಗಿ ಸಂಜೆ ಬರುವ ಮನೆಯಾದರೆ ಆವರಣ ದೊಡ್ಡದಿರಲಿ, ಮಧ್ಯಾಹ್ನ ಯಾರಾದರೂ ಬಂದು ನೋಡಲಿ. ಅದೂ ಆಗದಿದ್ದರೆ ಸದ್ಯಕ್ಕೆ ಮರಿ ತರದಿರುವುದೇ ಮೇಲು. ಮೊದಲ ಕೆಲವು ರಾತ್ರಿ ಮರಿ ಅಳುವುದು ತಾಯಿಯನ್ನು ಬಿಟ್ಟು ಬಂದದ್ದಕ್ಕೆ. ಪಂಜರ ಬಡಿದು ಗದರಿಸಬೇಡಿ. ದೊಡ್ಡವರು ಮಲಗುವ ಕೋಣೆಯ ಹತ್ತಿರ ಇಟ್ಟರೆ ಬೇಗ ಸುಮ್ಮನಾಗುತ್ತದೆ. ಮಕ್ಕಳ ಹಾಸಿಗೆಯೊಳಗೆ ಮಾತ್ರ ಬೇಡ.

ನಿಮ್ಮ ಮನೆ ಎಂಥದು?

ಹಲಸೂರು, ಶಿವಾಜಿನಗರದ ಓಣಿಗಳ ವಠಾರದ ಮನೆಗಳಲ್ಲಿ ಓಡಾಡುವ ದಾರಿ ಎಲ್ಲರದೂ. ಮರಿಯನ್ನು ಹೊಸ್ತಿಲ ಹೊರಗೆ ಕಟ್ಟಿದರೆ ಅಕ್ಕಪಕ್ಕದ ಮಕ್ಕಳ ಕೈ, ಬೀದಿನಾಯಿಯ ಬಾಯಿ ಎರಡೂ ಅದಕ್ಕೆ ಸಿಗುತ್ತವೆ. ಒಂದೇ ಕೋಣೆಯಾದರೂ ಸರಿ, ಒಳಗಿನ ಮೂಲೆಯನ್ನೇ ಆರಿಸಿ.

ಇಂದಿರಾನಗರದ ಕಾಂಪೌಂಡಿನ ಮನೆಗಳಲ್ಲಿ ಮೂರು ಕಡೆ ನೋಡಿ: ಸಂಪಿನ ಮುಚ್ಚಳ, ಹಿಂದಕ್ಕೆ ಬರುವ ಕಾರು, ಗೇಟಿನ ಕೆಳಗಿನ ಸಂದಿ. ಸಂಪಿಗೆ ಭದ್ರವಾದ ಮುಚ್ಚಳ ಹಾಕಿಸುವುದು ನಿಮ್ಮ ಮಗುವಿಗೂ ಒಳ್ಳೆಯದು. ಗೇಟಿನ ಕೆಳಗೆ ತಗಡು ಅಥವಾ ಜಾಲರಿ ಬೆಸೆಸಿ. ಫ್ಲ್ಯಾಟಿನವರು ಬಾಲ್ಕನಿಯ ಗ್ರಿಲ್ಲಿಗೆ ಜಾಲರಿ ಕಟ್ಟದೆ ಮರಿಯನ್ನು ಅಲ್ಲಿ ಬಿಡಬೇಡಿ.

ಕೆ.ಆರ್. ಪುರದ ಹೊಸ ಬಡಾವಣೆಗಳಲ್ಲಿ ಮನೆಯ ಪಕ್ಕದಲ್ಲೇ ಖಾಲಿ ಸೈಟುಗಳು, ಅಲ್ಲಿ ಕಸ, ಕಸಕ್ಕೆ ಬರುವ ನಾಯಿಗಳ ಗುಂಪು. ಅಲ್ಲಿ ಕಾಂಪೌಂಡು ಪೂರ್ತಿ ಆಗುವವರೆಗೆ ಅಂಗಳ ಮರಿಯ ಜಾಗವಲ್ಲ.

ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನ ಸುತ್ತಲಿನ ಅಂಗಡಿಗಳಿಂದಾಗಲಿ, ಬೇರೆಲ್ಲಿಂದಾಗಲಿ ಮರಿ ತಂದರೂ ನೇರ ಪಶುವೈದ್ಯರಲ್ಲಿಗೆ ಕರೆದೊಯ್ಯಿರಿ. ಹಲವು ಮರಿಗಳು ಒಟ್ಟಿಗೆ ಇದ್ದ ಕಡೆ ಒಂದರ ಕಾಯಿಲೆ ಇನ್ನೊಂದಕ್ಕೆ ಬಂದಿರಬಹುದು. ಮನೆಯಲ್ಲಿ ಹಿಂದಿನ ಮರಿ ಪಾರ್ವೊದಿಂದ ಸತ್ತಿದ್ದರೆ ಆ ಜಾಗದಲ್ಲಿ ಹೊಸದನ್ನು ಇಡಬೇಡಿ. ಆ ವೈರಸ್ಸು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ.

ಮಲ, ಮಕ್ಕಳು, ಕೈ ತೊಳೆಯುವುದು

ನಾಯಿಮರಿಗಳಿಗೆ ತಾಯಿಯ ಹೊಟ್ಟೆಯಲ್ಲಿರುವಾಗಲೇ ದುಂಡುಹುಳು ಬರಬಹುದು. ಅದರ ಮೊಟ್ಟೆ ಮಲದಲ್ಲಿ ಹೊರಬಿದ್ದು, ಎರಡು ಮೂರು ವಾರ ಮಣ್ಣಿನಲ್ಲಿದ್ದ ಮೇಲೆ ಸೋಂಕು ತರುವ ಶಕ್ತಿ ಪಡೆಯುತ್ತದೆ. ಮಣ್ಣಾದ ಕೈಯನ್ನು ಮಗು ಬಾಯಿಗಿಟ್ಟರೆ ಹುಳುವಿನ ಮರಿಗಳು ಪಿತ್ತಜನಕಾಂಗ, ಶ್ವಾಸಕೋಶ, ಅಪರೂಪಕ್ಕೆ ಕಣ್ಣನ್ನೂ ಸೇರುತ್ತವೆ. ಆದ್ದರಿಂದ ಮಲವನ್ನು ಆಯಾ ದಿನವೇ ಕಾಗದದಲ್ಲಿ ಎತ್ತಿಬಿಟ್ಟರೆ ಅರ್ಧ ಅಪಾಯ ಕಳೆಯಿತು. ಉಳಿದರ್ಧಕ್ಕೆ ಪಶುವೈದ್ಯರು ಹೇಳಿದ ದಿನಗಳಂದು ಜಂತುಹುಳುವಿನ ಔಷಧಿ, ಮರಿಯನ್ನು ಮುಟ್ಟಿದ ಮೇಲೆ ಸೋಪಿನಲ್ಲಿ ಕೈತೊಳೆತ. ಅಂಬೆಗಾಲಿಡುವ ಮಗು ಆಡುವ ಜಾಗದಲ್ಲೂ ಅಡುಗೆಮನೆಯಲ್ಲೂ ಆವರಣ ಬೇಡ.

ಮಕ್ಕಳಿಗೆ ಎರಡು ಮಾತು ಕಲಿಸಿ: ಮರಿ ತಿನ್ನುವಾಗ, ಮಲಗಿದಾಗ ಮುಟ್ಟಬಾರದು. ಮರಿ ಆವರಣದೊಳಗಿದ್ದಾಗ ಕೈ ಹಾಕಬಾರದು. ಐದು ವರ್ಷದೊಳಗಿನ ಮಗುವನ್ನು ಮರಿಯೊಡನೆ ಒಂಟಿಯಾಗಿ ಬಿಡಲೇಬೇಡಿ.

ಮರಿ ಕಚ್ಚಿದರೆ?

ಹಾಲುಹಲ್ಲಾದರೂ ಹಲ್ಲೇ. ಗಾಯವನ್ನು ಕೂಡಲೇ ಹರಿಯುವ ನೀರು, ಸೋಪಿನಿಂದ ಹದಿನೈದು ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಮೆಣಸಿನಪುಡಿ, ಕಾಫಿಪುಡಿ ಯಾವುದನ್ನೂ ಹಚ್ಚಬೇಡಿ, ಬಿಗಿಯಾಗಿ ಪಟ್ಟಿ ಕಟ್ಟಬೇಡಿ. ಅದೇ ದಿನ ವೈದ್ಯರನ್ನು ಕಾಣಿ. ಶಿವಾಜಿನಗರದ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ, ಇಂದಿರಾನಗರದ ಸರ್ ಸಿ.ವಿ. ರಾಮನ್ ಆಸ್ಪತ್ರೆ, ಕೆ.ಆರ್. ಪುರದ ಸಾರ್ವಜನಿಕ ಆಸ್ಪತ್ರೆ ಈ ಭಾಗದ ಸರ್ಕಾರಿ ಆಸ್ಪತ್ರೆಗಳು. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದಿನ ಕಾಲ ಹೋಯಿತು, ಆ ಹಳೆಯ ಲಸಿಕೆ ನಮ್ಮ ದೇಶದಲ್ಲಿ 2005ರ ಹೊತ್ತಿಗೇ ನಿಂತಿತು. ಈಗ ತೋಳಿಗೆ, ನಾಲ್ಕೈದು ಭೇಟಿಗಳಲ್ಲಿ ಮುಗಿಯುತ್ತದೆ. ರಕ್ತ ಬಂದ ಗಾಯವಾದರೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು. ದಿನ ಕಳೆದಿದ್ದರೂ “ಈಗ ಹೋಗಿ ಏನು?” ಎನ್ನಬೇಡಿ.

ಮರಿಯನ್ನು ಹೊಡೆದೋಡಿಸಬೇಡಿ, ಬೀದಿಗೆ ಬಿಡಬೇಡಿ. ಕಚ್ಚಿದ ನಾಯಿ ಹತ್ತು ದಿನ ಆರೋಗ್ಯವಾಗಿ ಬದುಕಿದ್ದರೆ, ಕಚ್ಚಿದಾಗ ಅದರ ಜೊಲ್ಲಿನಲ್ಲಿ ವೈರಸ್ಸು ಇರಲಿಲ್ಲವೆಂದು ಅರ್ಥ. ಆಗ ಉಳಿದ ಚುಚ್ಚುಮದ್ದಿನ ಬಗ್ಗೆ ವೈದ್ಯರು ನಿರ್ಧರಿಸುತ್ತಾರೆ. ಆದರೆ ಆ ಹತ್ತು ದಿನ ಕಾಯ್ದು ನೋಡಿ ಲಸಿಕೆ ಆರಂಭಿಸುವುದು ತಪ್ಪು. ಲಸಿಕೆ ಮೊದಲು, ಕಾಯುವುದು ಆಮೇಲೆ. ಮರಿಯ ದವಡೆ ಜೋತುಬಿದ್ದು ಜೊಲ್ಲು ಸುರಿಯುತ್ತಿದ್ದರೆ ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಬಾಯಿಗೆ ಕೈ ಹಾಕಬೇಡಿ. ಅದು ರೇಬಿಸ್ಸಿನ ಲಕ್ಷಣವಿರಬಹುದು. ಬಾಗಿಲು ಹಾಕಿ ಪಶುವೈದ್ಯರನ್ನು ಕರೆಯಿರಿ. ಬೇರೆ ನಾಯಿ ನಿಮ್ಮ ಮರಿಯನ್ನು ಕಚ್ಚಿದರೂ ಅದೇ ದಿನ ಅವರಿಗೆ ತೋರಿಸಿ. ಕ್ವೀನ್ಸ್ ರಸ್ತೆಯಲ್ಲಿ ಸರ್ಕಾರಿ ಪಶು ಆಸ್ಪತ್ರೆ ಇದೆ.

ಹಲಸೂರಿನ ಆ ತಾಯಿ ಮಗನ ಕೊನೆಯ ಚುಚ್ಚುಮದ್ದಾದ ಮೇಲೆ ಚೀಟಿ ತೋರಿಸಲು ಬಂದಿದ್ದರು. ಹುಡುಗ ಇನ್ನೊಂದು ಮರಿ ಬೇಕೆಂದು ಹಟ ಹಿಡಿದಿದ್ದನಂತೆ. “ತರಬಹುದಾ ಡಾಕ್ಟ್ರೇ?” ಎಂದು ಕೇಳಿದರು. “ತನ್ನಿ, ಆದರೆ ಮರಿ ಬರುವ ಮೊದಲು ಮೂಲೆ ಸಿದ್ಧವಾಗಿರಲಿ, ಗೇಟಿನ ಸಂದಿ ಮುಚ್ಚಿರಲಿ” ಎಂದೆ. ಮರಿ ತರಬೇಕೆಂದಿರುವ ಎಲ್ಲ ಮನೆಗಳಿಗೂ ನನ್ನ ಸಲಹೆ ಅದೇ.