ಬೆದೆಗೂ 21 ದಿನ, ನೋಂದಣಿಗೂ 21 ದಿನ

ತಾಯಂದಿರೇ, ನಿಮ್ಮ ಹಸು ಯಾವತ್ತು ಬೆದೆಗೆ ಬಂದಿತ್ತು ಎಂದು ಕೇಳಿದರೆ ಕ್ಯಾಲೆಂಡರ್ ನೋಡದೆಯೇ ಹೇಳುತ್ತೀರಿ. 21ನೇ ದಿನ ಮತ್ತೆ ಬೆದೆ ಕಂಡಿತೇ ಎಂದು ಗಮನಿಸುವುದನ್ನು ಯಾರೂ ಕಲಿಸಬೇಕಿಲ್ಲ. ಅದೇ 21 ದಿನಗಳ ಲೆಕ್ಕ ಮನೆಯಲ್ಲಿ ಮಗು ಹುಟ್ಟಿದಾಗಲೂ ಇದೆ, ಯಾರಾದರೂ ತೀರಿಕೊಂಡಾಗಲೂ ಇದೆ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಅಷ್ಟರೊಳಗೆ ತಿಳಿಸಿದರೆ ಶುಲ್ಕವಿಲ್ಲ.

ದನದ ಡಾಕ್ಟರಿಗೆ ಈ ವಿಷಯ ಯಾಕೆ ಎನ್ನಬೇಡಿ. ಇದು ನಿಮ್ಮ ಹಾಲಿನ ದುಡ್ಡಿನ ವಿಷಯವೂ ಹೌದು.

ಎಷ್ಟೋ ಮನೆಗಳಲ್ಲಿ ಸಗಣಿ ಬಾಚುವುದು, ಹಾಲು ಕರೆಯುವುದು, ಡೈರಿಗೆ ಹಾಕುವುದು ಹೆಂಗಸರು. ಸಂಘದ ಸದಸ್ಯತ್ವ, ಬ್ಯಾಂಕ್ ಪಾಸ್‌ಬುಕ್, ಹಸುವಿನ ವಿಮೆ ಮಾತ್ರ ಯಜಮಾನರ ಹೆಸರಿನಲ್ಲಿ. ಅವರು ತೀರಿಕೊಂಡರೆ ಬಟವಾಡೆ ದುಡ್ಡು ಅವರ ಖಾತೆಗೇ ಹೋಗಿ ಕೂರುತ್ತದೆ. ಆಮೇಲೆ ಹಸು ಸತ್ತಿತು ಎನ್ನಿ. ಮರಣೋತ್ತರ ಪರೀಕ್ಷೆ ಮಾಡಿ ವರದಿ ಕೊಡುವುದು ನನ್ನ ಕೆಲಸ, ಕೊಡುತ್ತೇನೆ. ಕಿವಿಯೋಲೆಯ 12 ಅಂಕಿಯೂ ತಾಳೆಯಾಗುತ್ತದೆ. ಆದರೆ ಪಾಲಿಸಿಯಲ್ಲಿರುವ ಮಾಲೀಕರೇ ಇಲ್ಲ, ಅವರು ಇಲ್ಲ ಎನ್ನುವುದಕ್ಕೆ ಕಾಗದವೂ ಇಲ್ಲ ಎಂದಾಗ ಕಡತ ಅಲ್ಲೇ ನಿಲ್ಲುತ್ತದೆ. ಸದಸ್ಯತ್ವ, ಖಾತೆ, ಜಮೀನಿನ ಪೌತಿ ಖಾತೆ ಎಲ್ಲಕ್ಕೂ ಮೊದಲು ಕೇಳುವುದು ಮರಣ ಪ್ರಮಾಣಪತ್ರ.

ಎಲ್ಲಿ ತಿಳಿಸಬೇಕು ಎನ್ನುವುದರಲ್ಲೇ ಹೆಚ್ಚು ಓಡಾಟ. ನೋಂದಣಿ ಆಗುವುದು ಘಟನೆ ನಡೆದ ಜಾಗದಲ್ಲಿ, ನೀವು ವಾಸವಿರುವ ಊರಿನಲ್ಲಲ್ಲ. ಮಂಡ್ಯದ ಆಸ್ಪತ್ರೆಯಲ್ಲಿ ತೀರಿಕೊಂಡವರ ಕಾಗದವನ್ನು ಚನ್ನಪಟ್ಟಣದಲ್ಲಿ ಹುಡುಕಿದರೆ ಸಿಗದು. ಆಸ್ಪತ್ರೆಯಲ್ಲಿ ಆದ ಜನನ, ಮರಣವನ್ನು ಆಸ್ಪತ್ರೆಯವರೇ ತಿಳಿಸಬೇಕು. ನೀವು ಬಿಡುಗಡೆಯ ದಿನವೇ ಹೆಸರು, ಅಕ್ಷರ ಸರಿಯಾಗಿ ಬರೆಸಿ. ಆಧಾರಿನಲ್ಲಿ ‘ಲಕ್ಷ್ಮಮ್ಮ’, ಇಲ್ಲಿ ‘ಲಕ್ಷ್ಮಿ’ ಎಂದಾದರೆ ತಿದ್ದಿಸಲು ಇನ್ನೊಂದು ಅಲೆದಾಟ. ಹಳ್ಳಿಯ ಮನೆಯಲ್ಲೇ ಆಗಿದ್ದರೆ ಗ್ರಾಮ ಪಂಚಾಯಿತಿಯಲ್ಲಿ ಅಥವಾ ಗ್ರಾಮ ಆಡಳಿತಾಧಿಕಾರಿಯವರಲ್ಲಿ (ನಾವು ಶಾನುಭೋಗರು ಎನ್ನುತ್ತಿದ್ದೆವಲ್ಲ, ಅವರೇ), ಪಟ್ಟಣದೊಳಗಾದರೆ ನಗರಸಭೆಯಲ್ಲಿ ವಿಚಾರಿಸಿ. ಗಂಡಸರೇ ಬರಬೇಕೆಂದಿಲ್ಲ, ನೀವೇ ಹೋಗಬಹುದು.

21 ದಿನ ದಾಟಿದರೆ 30 ದಿನದವರೆಗೆ ತಡ ಶುಲ್ಕ, ಒಂದು ವರ್ಷದವರೆಗೆ ಮೇಲಧಿಕಾರಿಯ ಲಿಖಿತ ಅನುಮತಿ, ಅದಕ್ಕೂ ತಡವಾದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ತಿಥಿ ಕಳೆಯಲಿ ಎಂದು ಕಾಯುವುದು ಸಹಜ. ಹನ್ನೊಂದನೇ ದಿನದ ಕಾರ್ಯ ಮುಗಿಸಿ ಹೋದರೂ ಇನ್ನೂ ಹತ್ತು ದಿನ ಕೈಯಲ್ಲಿರುತ್ತದೆ.

ಮಗುವಿಗೆ ನಾಮಕರಣ ಆಗಿಲ್ಲವೆಂದು ಜನನ ನೋಂದಣಿ ನಿಲ್ಲಿಸಬೇಡಿ. ಹೆಸರಿಲ್ಲದೆಯೂ ನೋಂದಣಿ ಆಗುತ್ತದೆ, ಹೆಸರನ್ನು ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೂ ಆಧಾರಿಗೂ ಹುಟ್ಟಿದ ತಾರೀಖಿನ ಪುರಾವೆ ಈ ಪ್ರಮಾಣಪತ್ರವೇ. ಮದುವೆ ನೋಂದಣಿ ಬೇರೆ. ಅದು ಉಪನೋಂದಣಾಧಿಕಾರಿ ಕಚೇರಿಯಲ್ಲಿ.

ಮುಂದಿನ ಬಟವಾಡೆಗೆ ಡೈರಿಗೆ ಹೋದಾಗ ಕಾರ್ಯದರ್ಶಿಯವರನ್ನು ಒಂದು ಮಾತು ಕೇಳಿ: ಸದಸ್ಯತ್ವ ಯಾರ ಹೆಸರಿನಲ್ಲಿದೆ, ನಾಮಿನಿ ಯಾರು?