ಬಜ್ಜಿ ಗರಿಗರಿಯಾಗಿ ಉಳಿಯಲು ದೊಡ್ಡಮ್ಮನ ಕಿವಿಮಾತು

ಮಗಳೇ, ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ಮನಸ್ಸಿನಲ್ಲೇ ಉಳಿದಿದೆ. "ದೊಡ್ಡಮ್ಮ, ಬಾಣಲೆಯಿಂದ ತೆಗೆದಾಗ ಗರಿಗರಿ ಇರುತ್ತೆ, ತಟ್ಟೆಗೆ ಹಾಕಿ ತಂದಿಡುವಷ್ಟರಲ್ಲಿ ಮೆತ್ತಗಾಗುತ್ತೆ" ಅಂದೆ. ದಾವಣಗೆರೆಯಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂದು ಬೆಳೆದವಳು ನೀನು. ಬೆಂಗಳೂರಿನ ಮನೆಯಲ್ಲಿ ಆ ರುಚಿ ಕೈಗೆ ಹತ್ತದಿದ್ದರೆ ಬೇಸರವಾಗದೆ ಇರುತ್ತದೆಯೇ?

ಇಷ್ಟು ವರ್ಷ ಒಲೆ ಮುಂದೆ ನಿಂತು ನಾನು ಕಲಿತದ್ದು ಒಂದೇ ಮಾತು: ಕರಿಯುವುದೆಂದರೆ ನೀರನ್ನು ಹೊರಗೆ ಕಳಿಸುವ ಕೆಲಸ. ಎಣ್ಣೆಯಲ್ಲಿ ಏಳುವ ಗುಳ್ಳೆಗಳೆಲ್ಲ ಹಿಟ್ಟಿನೊಳಗಿನ ನೀರು ಆವಿಯಾಗಿ ಹೊರಟದ್ದು. ಬಜ್ಜಿ ಮೆತ್ತಗಾಯಿತು ಅಂದರೆ, ಹೋಗಬೇಕಾದ ನೀರು ಹೋಗಿಲ್ಲ, ಇಲ್ಲವೇ ಹೋದ ನೀರು ತಿರುಗಿ ಬಂದಿದೆ. ಕೆಳಗಿನ ಒಂದೊಂದು ಮಾತನ್ನೂ ಈ ಲೆಕ್ಕ ಇಟ್ಟುಕೊಂಡೇ ಓದು.

• ಮೆಣಸಿನಕಾಯಿ ತೊಳೆದ ಮೇಲೆ ಬಟ್ಟೆಯಲ್ಲಿ ಒತ್ತಿ ಒರೆಸು. ಮೈಯಲ್ಲಿ ನೀರಿದ್ದರೆ ಹಿಟ್ಟು ಅಂಟುವುದಿಲ್ಲ, ಜಾರುತ್ತದೆ. ಉದ್ದನೆಯ, ಖಾರ ಕಡಿಮೆಯಿರುವ ಬಜ್ಜಿ ಮೆಣಸಿನಕಾಯನ್ನೇ ತಾ. ತೊಟ್ಟು ಕೀಳಬೇಡ, ಹಿಟ್ಟಿನಲ್ಲಿ ಅದ್ದುವಾಗ ಅದೇ ಹಿಡಿ. ಉದ್ದಕ್ಕೆ ಸೀಳಿ ಬೀಜ ತೆಗೆದು, ಒಳಗೆ ಗಟ್ಟಿ ಹುಣಸೆರಸ, ಉಪ್ಪು, ಜೀರಿಗೆಪುಡಿ ಸವರು. ಸೀಳದೆ ಇಡಿಯಾಗಿ ಹಾಕಿದರೆ ಒಳಗಿನ ಆವಿಗೆ ದಾರಿ ಸಿಗದೆ ಕಾಯಿ ಸಿಡಿಯುತ್ತದೆ.

• 2 ಲೋಟ ಕಡಲೆಹಿಟ್ಟಿಗೆ 4 ಚಮಚ ಅಕ್ಕಿಹಿಟ್ಟು ಸೇರಿಸು. ಗರಿ ಕೊಡುವುದು ಅಕ್ಕಿಹಿಟ್ಟೇ. ಆದರೆ ಆಸೆಬಿದ್ದು ಹೆಚ್ಚು ಹಾಕಿದರೆ ಬಜ್ಜಿ ಕಲ್ಲಾಗುತ್ತದೆ. ಅರ್ಧ ಚಮಚ ಅಜವಾನವನ್ನು ಅಂಗೈಯಲ್ಲಿ ತಿಕ್ಕಿ ಹಾಕು.

• ಹಿಟ್ಟನ್ನು ಜರಡಿ ಹಿಡಿದು, ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕಲಸು. ಒಮ್ಮೆಲೇ ಸುರಿದರೆ ಗಂಟು ನಿಲ್ಲುತ್ತದೆ. ಆಮೇಲೆ ಐದು ನಿಮಿಷ ಕೈಯಿಂದ ಬೀಸಿ ಬೀಸಿ ಕಲಸು, ಹಿಟ್ಟಿನ ಬಣ್ಣ ತಿಳಿಯಾಗುವವರೆಗೆ. ಅದರೊಳಗೆ ಗಾಳಿ ಸೇರಿದಷ್ಟೂ ಬಜ್ಜಿ ಹಗುರ. ಮೆಣಸಿನಕಾಯಿ ಅದ್ದಿ ಎತ್ತಿದರೆ ಹಿಟ್ಟು ಮೈಗೆ ಕೂತಿರಬೇಕು, ಸುರಿದು ಹೋಗಬಾರದು.

• ಸೋಡಾ ಒಂದು ಚಿಟಿಕೆ ಸಾಕು. ಹೆಚ್ಚಾದರೆ ಬಜ್ಜಿ ಉಬ್ಬುತ್ತದೆ ನಿಜ, ಆದರೆ ಸ್ಪಂಜಿನಂತೆ ಎಣ್ಣೆ ಹೀರಿ, ಬಾಯಲ್ಲಿ ಸೋಡಾ ವಾಸನೆ ಉಳಿಸುತ್ತದೆ. ಅದರ ಬದಲು ಕರಿಯುವ ಹೊತ್ತಿಗೆ 2 ಚಮಚ ಕಾದ ಎಣ್ಣೆಯನ್ನು ಹಿಟ್ಟಿಗೆ ಹಾಕಿ ಕಲಸಿಬಿಡು.

• ಎಣ್ಣೆಯ ಹದವನ್ನು ಹಿಟ್ಟೇ ಹೇಳುತ್ತದೆ. ಒಂದು ಹನಿ ಬಿಡು. ತಳಕ್ಕೆ ಹೋಗಿ ಅಲ್ಲೇ ಕೂತರೆ ಇನ್ನೂ ಕಾಯಬೇಕು. ಬಿದ್ದ ಕೂಡಲೇ ಕಪ್ಪಾದರೆ ಉರಿ ಇಳಿಸು. ತಳ ಮುಟ್ಟಿ ತಕ್ಷಣ ಮೇಲೆದ್ದು ಬಂದರೆ ಹದ ಸರಿ. ಮನೆಯಲ್ಲಿ ಥರ್ಮಾಮೀಟರ್ ಇದ್ದರೆ 170ರಿಂದ 180 ಡಿಗ್ರಿ ಸೆಲ್ಸಿಯಸ್ ನೋಡಿಕೋ. ಎಣ್ಣೆ ತಣ್ಣಗಿದ್ದರೆ ಹಿಟ್ಟಿನ ಮೇಲ್ಮೈ ಬೇಗ ಗಟ್ಟಿಯಾಗದೆ ಎಣ್ಣೆ ಕುಡಿಯುತ್ತದೆ.

• ದಪ್ಪ ತಳದ ಕಬ್ಬಿಣದ ಬಾಣಲೆ ಒಳ್ಳೆಯದು, ಬಿಸಿ ಹಿಡಿದಿಡುತ್ತದೆ. ಒಮ್ಮೆಗೆ ನಾಲ್ಕೋ ಐದೋ ಹಾಕು, ಅಷ್ಟೇ. ಬಾಣಲೆ ತುಂಬ ಹಾಕಿದರೆ ಎಣ್ಣೆ ಒಮ್ಮೆಲೇ ತಣಿಯುತ್ತದೆ. ಪ್ರತಿ ಒಬ್ಬೆ ತೆಗೆದ ಮೇಲೆ ಅರ್ಧ ನಿಮಿಷ ತಾಳು, ಎಣ್ಣೆ ಮತ್ತೆ ಕಾಯಲಿ.

• ಕಣ್ಣಿಗಿಂತ ಕಿವಿ ಕೊಡು. ಹಾಕಿದ ಕೂಡಲೇ ಜೋರು ಸದ್ದು, ತುಂಬ ಗುಳ್ಳೆ. ಬೇಯುತ್ತಾ ಸದ್ದು ತಗ್ಗಿ ಗುಳ್ಳೆ ಚಿಕ್ಕದಾಗುತ್ತದೆ. ಆಗ ನೀರು ಹೋಗಿದೆ ಎಂದು ತಿಳಿ. ಬಣ್ಣ ಬಂತೆಂದು ಸದ್ದು ಜೋರಿರುವಾಗಲೇ ತೆಗೆದ ಬಜ್ಜಿ ತಟ್ಟೆಯಲ್ಲಿ ಮೆತ್ತಗಾಗಿಯೇ ಆಗುತ್ತದೆ. ನಿನ್ನ ತಪ್ಪು ಬಹುಶಃ ಇಲ್ಲೇ ಇದೆ.

• ತೆಗೆದದ್ದನ್ನು ಸ್ಟೀಲಿನ ಜರಡಿಯ ಮೇಲೆ ಬಿಡಿಬಿಡಿಯಾಗಿ ಹರಡು. ಒಂದರ ಮೇಲೊಂದು ಪೇರಿಸಿದರೆ ಅಡಿಯವು ಬೆವರುತ್ತವೆ. ಡಬ್ಬಿಗೆ ಹಾಕಿ ಮುಚ್ಚಿದರೆ ಹೊರಹೋದ ಆವಿ ಮುಚ್ಚಳಕ್ಕೆ ತಾಗಿ, ನೀರಾಗಿ ಮತ್ತೆ ಬಜ್ಜಿಗೇ ಇಳಿಯುತ್ತದೆ. ಪೇಪರಿನ ಮೇಲಂತೂ ಹಾಕಲೇಬೇಡ, ಅಚ್ಚಿನ ಶಾಯಿ ಹೊಟ್ಟೆಗೆ ಹೋಗುವಂಥದ್ದಲ್ಲ.

• ಈರುಳ್ಳಿ ಪಕೋಡಕ್ಕೆ ನೀರೇ ಹಾಕಬೇಡ. ತೆಳ್ಳಗೆ ಹೆಚ್ಚಿದ ಈರುಳ್ಳಿಗೆ ಉಪ್ಪು ಹಚ್ಚಿ ಹತ್ತು ನಿಮಿಷ ಬಿಡು, ಅದೇ ನೀರು ಬಿಡುತ್ತದೆ. ಆ ತೇವಕ್ಕೆ ಹಿಡಿಯುವಷ್ಟೇ ಹಿಟ್ಟು ಉದುರಿಸು. ಮುದ್ದೆ ಕಟ್ಟದೆ ಎಳೆ ಎಳೆಯಾಗಿ ಬಿಡು.

• ಆಲೂಬೋಂಡದ ಪಲ್ಯ ಪೂರ್ತಿ ಆರಿರಲಿ. ಬಿಸಿ ಪಲ್ಯದ ಹಬೆ ಒಳಗಿನಿಂದಲೇ ಮೇಲಿನ ಪದರವನ್ನು ನೆನೆಸಿಬಿಡುತ್ತದೆ.

• ಮದ್ದೂರು ವಡೆಗೆ ಆತುರ ಸಲ್ಲದು. ಮೈಸೂರು ರೈಲಿನಲ್ಲಿ ತಿಂದದ್ದು ನೆನಪಿದೆಯಲ್ಲ? 1 ಲೋಟ ಅಕ್ಕಿಹಿಟ್ಟು, ಅರ್ಧ ಲೋಟ ಚಿರೋಟಿ ರವೆ, ಕಾಲು ಲೋಟ ಮೈದಾ. ಇದಕ್ಕೆ ಈರುಳ್ಳಿ, ಹಸಿಮೆಣಸು, ಕರಿಬೇವು, ಜೊತೆಗೆ 3 ಚಮಚ ಕಾದ ಎಣ್ಣೆ. ಗಟ್ಟಿಯಾಗಿ ಕಲಸಿ, ತೆಳ್ಳಗೆ ತಟ್ಟಿ, ಮಧ್ಯಮಕ್ಕಿಂತ ಸ್ವಲ್ಪ ಕಡಿಮೆ ಉರಿಯಲ್ಲಿ ನಿಧಾನವಾಗಿ ಕರಿ. ಹಾಗೆ ಕರಿದದ್ದು ಮರುದಿನಕ್ಕೂ ಗರಿ ಬಿಡುವುದಿಲ್ಲ.

• ಮಂಗಳೂರಿನ ಗೋಳಿಬಜೆಯಿಂದ ಈ ಗರಿ ನಿರೀಕ್ಷಿಸಬೇಡ. ಹುಳಿ ಮೊಸರಿನಲ್ಲಿ ಕಲಸಿ ಎರಡು ಮೂರು ಗಂಟೆ ನೆನೆಸಿದ ಮೈದಾ ಅದು. ಮೇಲೆ ತೆಳು ಗರಿ, ಒಳಗೆ ಹತ್ತಿಯಂತೆ ಮೆತ್ತಗೆ. ಅದರ ಚೆಂದ ಅದೇ.

• ಕರಿದುಳಿದ ಎಣ್ಣೆಯನ್ನು ಆರಿಸಿ, ಸೋಸಿ, ಒಗ್ಗರಣೆಗೆ ಒಂದೆರಡು ದಿನದಲ್ಲಿ ಮುಗಿಸು. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ಕೆಟ್ಟ ಅಂಶಗಳು ಕೂಡುತ್ತವೆ. ಅದಕ್ಕೇ ಸರ್ಕಾರ 2018ರ ಜುಲೈನಿಂದ ಹೋಟೆಲಿನವರಿಗೂ ಮಿತಿ ಹಾಕಿದೆ. ಕಪ್ಪಾಗಿ, ಮಂದವಾಗಿ, ನೊರೆ ಬಂದರೆ ಚೆಲ್ಲಿಬಿಡು. ಸಿಂಕಿಗೆ ಸುರಿಯಬೇಡ, ಕೊಳವೆ ಕಟ್ಟುತ್ತದೆ.

• ಇದೊಂದು ಮಾತು ಮರೆಯಲೇಬೇಡ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಎರಚಬೇಡ, ಬಾಣಲೆ ಎತ್ತಿಕೊಂಡು ಓಡಬೇಡ. ಗ್ಯಾಸ್ ಆರಿಸಿ ಬಾಣಲೆಯ ಮೇಲೆ ಮುಚ್ಚಳ ಜಾರಿಸು. ಕೈ ಸುಟ್ಟರೆ ನಲ್ಲಿಯ ತಣ್ಣೀರಿನಡಿ ಇಪ್ಪತ್ತು ನಿಮಿಷ ಹಿಡಿ. ಪೇಸ್ಟು, ಶಾಯಿ ಹಚ್ಚಬೇಡ. ಮಕ್ಕಳು ಒಲೆಯಿಂದ ಒಂದು ಮಾರು ದೂರವೇ ಇರಲಿ.

• ಕೊನೆಯದು, ಬಂಡಿಯವರ ಗುಟ್ಟು. ಅವರ ಬಜ್ಜಿ ಯಾಕೆ ಗರಿಗರಿ ಅಂದರೆ, ತಿನ್ನುವವರು ಬಾಣಲೆಯ ಸುತ್ತಲೇ ನಿಂತಿರುತ್ತಾರೆ. ಬಜ್ಜಿ ಯಾರಿಗೂ ಕಾಯುವುದಿಲ್ಲ, ಬಜ್ಜಿಗೆ ನಾವು ಕಾಯಬೇಕು. ನೀನು ಎಲ್ಲ ಕರಿದು, ಡಬ್ಬಿ ತುಂಬಿ, ಟಿವಿ ಮುಂದೆ ಕೂತವರಿಗೆ ಹೊತ್ತುಕೊಂಡು ಹೋಗಬೇಡ. ಎಲ್ಲರನ್ನೂ ಅಡುಗೆಮನೆ ಬಾಗಿಲಿಗೆ ಕರೆ. ಒಬ್ಬರು ಮಂಡಕ್ಕಿ ಕಲಸಲಿ, ಒಬ್ಬರು ಈರುಳ್ಳಿ ಹೆಚ್ಚಲಿ. ಎರಡನೆಯ ಒಬ್ಬೆಗೆ ಸೌಟು ಅಳಿಯಂದಿರ ಕೈಗೆ ಕೊಟ್ಟು, ಬಿಸಿಯದೊಂದು ನೀನೂ ತಿನ್ನು. ನಿನ್ನ ಅಮ್ಮನೂ ನಾನೂ ಎಷ್ಟೋ ವರ್ಷ ಎಲ್ಲರದ್ದೂ ಮುಗಿದ ಮೇಲೆ ತಣ್ಣಗಿನದ್ದೇ ತಿಂದವರು. ನಿನ್ನ ಪಾಲಿಗೆ ಗರಿಗರಿಯದೇ ಬರಲಿ.