ಪೂರ್ವಗ್ರಹವೂ ಕಲ್ಪನಾಶಕ್ತಿಯೂ

ಕುಲಕುಲಗಳ ನಡುವಣ ಪೂರ್ವಗ್ರಹಕ್ಕೆ ದ್ವೇಷದಷ್ಟೇ ಕಲ್ಪನೆಯ ಬಡತನವೂ ಕಾರಣವಾಗಿರುತ್ತದೆ. ಅಸ್ಪೃಶ್ಯನೆಂದೊಡನೆ ಜೀತವೊಂದೇ ಕಣ್ಣಿಗೆ ಕಟ್ಟುವವನು ಆತನನ್ನು ಬೇಸಾಯಗಾರನನ್ನಾಗಿ ಕಾಣಲಾರನು.

ಪುತ್ತೂರು, ಸುಳ್ಯ, ಕಡಬಗಳ ಸೀಮೆಯಲ್ಲಿ ಜಾತಿಯ ಕಟ್ಟು ಬಿಗಿಯಾಗಿದ್ದ ಕಾಲದಲ್ಲಿ, ಪುತ್ತೂರನ್ನು ಕಾರ್ಯಕ್ಷೇತ್ರವಾಗಿಸಿಕೊಂಡಿದ್ದ ಶಿವರಾಮ ಕಾರಂತರ 'ಚೋಮನ ದುಡಿ' 1933ರಲ್ಲಿ ಪ್ರಕಟವಾಯಿತು. ಬ್ರಾಹ್ಮಣ ಕುಲದಲ್ಲಿ ಜನಿಸಿದ ಕಾರಂತರು ಚೋಮನಿಗಾಗಿ ಕನಿಕರವನ್ನು ಬೇಡಲಿಲ್ಲ, ಅವನಿಗೊಂದು ಆಸೆಯನ್ನಿತ್ತರು. ಮನೆಯಲ್ಲಿ ಜೋಡಿ ಎತ್ತುಗಳುಂಟು, ಉಳಲು ನೆಲವಿಲ್ಲ. ಓದುವ ಗೃಹಸ್ಥನು ತನ್ನ ಎತ್ತು ಗದ್ದೆಗಳನ್ನು ನೆನೆದು ಆ ಆಸೆಯನ್ನು ತನ್ನದೆಂದೇ ಗುರುತಿಸುತ್ತಾನೆ. ಧಣಿ ಸಂಕಪ್ಪಯ್ಯನ ಮನಸ್ಸು ಕರಗಿದರೂ ಅವನ ತಾಯಿಯು ಸಮ್ಮತಿಸಳು. ಹೊಳೆಯಲ್ಲಿ ಮುಳುಗುವ ಚೋಮನ ಮಗನನ್ನು ಮೈಲಿಗೆಗಂಜಿ ಯಾರೂ ಮುಟ್ಟರು. ಆ ಪುಟವನ್ನು ಓದಿ ಕಲ್ಲಾಗಿ ಉಳಿಯುವುದು ಕಠಿನ.

ಹನ್ನೆರಡನೆಯ ಶತಮಾನದ ಶರಣರದೂ ಇಂತಹುದೇ ನವದೃಷ್ಟಿ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ ಮೊದಲಾದವರು ಕಾಯಕದ ಹೆಸರನ್ನು ಮರೆಮಾಚಲಿಲ್ಲ. ಅದನ್ನೇ ಅನುಭಾವಿಯ ಹೆಸರಾಗಿಸಿದರು. ತಾವು ಹೊಸದಾಗಿ ಆಲೋಚಿಸಿದ ಸಂದರ್ಭಗಳನ್ನು ಮೊದಲು ನೆನೆದವರಲ್ಲಿ, ಅನ್ಯರ ಕುರಿತ ಸಿದ್ಧಭಾವನೆಗಳು ತಾವಾಗಿ ತಲೆಯೆತ್ತುವುದು ತಗ್ಗುವುದೆಂದು ಸಾಸೆನ್‌ಬರ್ಗ್, ಮೋಸ್ಕೊವಿಟ್ಸ್ ಎಂಬ ಮನಃಶಾಸ್ತ್ರಜ್ಞರು 2005ರಲ್ಲಿ ಪ್ರಯೋಗದಿಂದ ತೋರಿಸಿದರು.

ಕಲ್ಪನೆಯೊಂದರಿಂದಲೇ ನೆಲ ದೊರೆಯದೆಂಬುದೂ ದಿಟ. 1974ರ ಭೂಸುಧಾರಣೆಯು ಗೇಣಿದಾರನಿಗೆ ಭೂಮಿಯನ್ನಿತ್ತಿತು. ಗೇಣಿಯೂ ದೊರೆಯದಿದ್ದ ಚೋಮನಂತಹ ಬಹುಮಂದಿ ಹೊರಗುಳಿದರು.

ಮನೆಯಲ್ಲಿ ಮಕ್ಕಳಿಗೆ ಈ ಕಥೆಯನ್ನು ಓದಿಸುವವರು, ಸಂಕಪ್ಪಯ್ಯನ ತಾಯಿಯು ಬೇರೆ ಉತ್ತರವನ್ನಿತ್ತಿದ್ದರೆ ಅದು ಏನಾಗಿರುತ್ತಿತ್ತೆಂದು ಅವರಿಂದಲೇ ಬರೆಯಿಸಬೇಕು.